ಮಣ್ಣಿನ ಪೈಪಿನ ತೂತು ಅಳೆದು ಟ್ಯಾವರ್ನಿನ ಕಾಲ ಹಿಡಿದದ್ದು: ನನ್ನ ಅನುಭವ

ಮ್ಯಾಸಚೂಸೆಟ್ಸ್‌ನಲ್ಲಿ, ಬಾಸ್ಟನ್–ನ್ಯೂಯಾರ್ಕ್ ನಡುವಿನ ಹಳೆಯ ಅಂಚೆ ದಾರಿಯಾದ ಬಾಸ್ಟನ್ ಪೋಸ್ಟ್ ರೋಡಿನ ಅಂಚಿಗಿದ್ದ ಟ್ಯಾವರ್ನ್, ಅಂದರೆ ಮದ್ಯ ಮಾರುವ ತಂಗುಮನೆ, ಇದು. ಉಳಿದಿರುವುದು ನೆಲಮಾಳಿಗೆಯ ಕಲ್ಲುಗುಂಡಿ ಮತ್ತು ಟ್ಯಾವರ್ನ್ 1690ರದ್ದು ಎನ್ನುವ ಫಲಕ. ತಂಬಾಕು ಸೇದುವ ಮಣ್ಣಿನ ಪೈಪಿನ ಚೂರುಗಳ ತೂತು ಅಳೆದು ಕಾಲ ಹೇಳಬಹುದು ಅಂದಾಗ, ಅದು ಹಳಸಿದ ವಿಧಾನ, ಇಪ್ಪತ್ತು ವರ್ಷ ಆಚೀಚೆ ಆಗುತ್ತದೆ ಅಂದವರೇ ಹೆಚ್ಚು. ಈಗ ಪೈಪಿನ ಲೆಕ್ಕ 1751ಕ್ಕೆ ನಿಂತಿದೆ. ಆ ಜಾಗದ ಲೈಸೆನ್ಸುಗಳು 1733ರಿಂದ 1769ರವರೆಗೆ ಸಿಕ್ಕಿವೆ, ಅದರ ನಡುವರ್ಷವೂ 1751. ಲೈಸೆನ್ಸ್ ಹುಡುಕಿದ್ದು ಪೈಪಿನ ಉತ್ತರ ಬರೆದಿಟ್ಟ ಮೇಲೆ, ಮೊದಲಲ್ಲ.

ಹೊಸದಾಗಿ ಒಂದು ಅಡಿಯೂ ಅಗೆದಿಲ್ಲ. ಹಿಂದೆ ಯಾವಾಗಲೋ ಚರಂಡಿ ತೋಡುವಾಗ ಮೇಲೆ ಬಂದು ಆರು ರಟ್ಟಿನ ಪೆಟ್ಟಿಗೆಗಳಲ್ಲಿ ಕೂತಿದ್ದ ಚೂರುಗಳೇ ಸಾಕಾದವು. ಪುರಾತತ್ವಜ್ಞ ಹ್ಯಾರಿಂಗ್ಟನ್ 1954ರಲ್ಲಿ ಕೊಟ್ಟ ಪಟ್ಟಿ ಹೀಗಿದೆ: 6/64 ಇಂಚು ತೂತಾದರೆ 1680–1710, 5/64 ಆದರೆ 1710–1750, 4/64 ಆದರೆ 1750–1800. ಕೊಳವೆ ಉದ್ದವಾಗುತ್ತ ಹೋದಂತೆ ಒಳಗೆ ತೂರಿಸುವ ತಂತಿ ಸಪೂರವಾಯಿತು, ತೂತೂ ಕಿರಿದಾಯಿತು. ಬಿನ್‌ಫೋರ್ಡ್ 1962ರಲ್ಲಿ ಇದನ್ನೇ ಸೂತ್ರ ಮಾಡಿದ: ಸರಾಸರಿ ತೂತನ್ನು (ಇಂಚಿನ 64ನೇ ಭಾಗಗಳಲ್ಲಿ) 38.26ರಿಂದ ಗುಣಿಸಿ, 1931.85ರಿಂದ ಕಳೆಯಬೇಕು.

ಮೊದಲ ಸುತ್ತು ಪೂರ್ತಿ ಹಾಳಾಯಿತು. ಹತ್ತು ಡಾಲರಿನ ಡ್ರಿಲ್ ಬಿಟ್ ಸೆಟ್ ತಂದು, ಯಾವ ಬಿಟ್ಟು ತೂತಿಗೆ ಇಳಿಯುತ್ತದೆ ಎಂದು ನೋಡಿ ಸುಮಾರು 110 ಚೂರು ಅಳೆದಾಗ ಸರಾಸರಿ 5.3 ಬಂತು, ಅಂದರೆ 1729. 1690ರ ಫಲಕವನ್ನು ನಂಬಿದವರಿಗೆ ಖುಷಿಯಾಯಿತು. ಆಮೇಲೆ ವರ್ನಿಯರ್ ಕ್ಯಾಲಿಪರ್ ಹಿಡಿದು ನೋಡಿದರೆ ಬಿಟ್ಟುಗಳ ಬುಡ ಬರೆದ ಅಳತೆಗಿಂತ ಸಪೂರ. 5/64 ಅಂದರೆ 1.98 ಮಿ.ಮೀ. ಇರಬೇಕು, 6/64 ಅಂದರೆ 2.38. ಸವೆದ ಆರರ ಬಿಟ್ಟು ಐದರ ತೂತಿಗೂ ಇಳಿಯುತ್ತಿತ್ತು. ಅರ್ಧದಷ್ಟು ಚೂರು ಒಂದು ಮೆಟ್ಟಿಲು ಮೇಲೆ ಲೆಕ್ಕಕ್ಕೆ ಹೋದರೂ ಸರಾಸರಿ 0.5 ಏರುತ್ತದೆ, ಕಾಲ ಹತ್ತೊಂಬತ್ತು ವರ್ಷ ಹಿಂದಕ್ಕೆ ಜಾರುತ್ತದೆ. "ಇಪ್ಪತ್ತು ವರ್ಷ ಆಚೀಚೆ" ಅನ್ನುವ ದೂರಿನಲ್ಲಿ ದೊಡ್ಡ ಪಾಲು ಇದೇ ಎಂದು ನನ್ನ ಖಚಿತ ಅಭಿಪ್ರಾಯ. ಅರವತ್ತು ಎಪ್ಪತ್ತು ಡಾಲರ್ ಕೊಟ್ಟು ಪಿನ್ ಗೇಜ್ (ನಿಖರ ಅಳತೆಯ ಉಕ್ಕಿನ ಕಡ್ಡಿಗಳು) ತಂದ ಮೇಲೆ ಜಗಳ ಮುಗಿಯಿತು. ಡ್ರಿಲ್ ಬಿಟ್ಟೇ ಬಳಸುವುದಾದರೆ ನುಣುಪಾದ ಬುಡವನ್ನು ತೂರಿಸಿ. ಕೊರೆಯುವ ತುದಿ ಮಣ್ಣನ್ನು ಕೆರೆದು ತೂತನ್ನೇ ದೊಡ್ಡದು ಮಾಡುತ್ತದೆ. ಮಿಲಿಮೀಟರ್ ಸೆಟ್ಟು ಮಾತ್ರ ಬೇಡ: 2 ಮಿ.ಮೀ. ಐದಕ್ಕೆ ಹೊಂದುತ್ತದೆ, 2.5 ಮಿ.ಮೀ. ಆರಕ್ಕೂ ಏಳಕ್ಕೂ ನಡುವೆ ಬೀಳುತ್ತದೆ.

ತೂತಿನೊಳಗೆ ಗಟ್ಟಿಯಾದ ಮಣ್ಣು ಇನ್ನೊಂದು ಕಾಟ. ನೆನೆಸಿ ಒಣಗಿಸುವುದು ಎಲ್ಲರೂ ಮಾಡುತ್ತಾರೆ. ಅದಕ್ಕೂ ಜಗ್ಗದ ಚೂರುಗಳಿಗೆ ಒಂದು ಉಪಾಯವಿದೆ, ತೂತಿನ ಒಳಗೋಡೆಗೆ ಒಂದು ಗೆರೆಯೂ ಬೀಳದ ಹಾಗೆ ಬಿಡಿಸುವುದು. ಅದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಡಚ್ ಗುರುತಿನ ಚೂರುಗಳನ್ನು ಮೊದಲೇ ತೆಗೆದಿಡಿ, ಸೂತ್ರ ಹುಟ್ಟಿದ್ದು ಇಂಗ್ಲಿಷ್ ಪೈಪುಗಳಿಂದ. 1780ರ ನಂತರದ ಜಾಗಗಳಿಗೆ ಅದು ಕೆಲಸಕ್ಕೆ ಬಾರದು.

ಎರಡನೇ ಸುತ್ತಿಗೆ ಸುಮಾರು 640 ಚೂರು. ನಾಲ್ಕರ (4/64) ತೂತಿನವು 215ರಷ್ಟು, ಐದರವು 390ರಷ್ಟು, ಆರರವು 35. ಏಳರದು ಒಂದೂ ಇಲ್ಲ. ಸರಾಸರಿ 4.72. ಸೂತ್ರ ಕೊಡುವುದು ಜನ ಪೈಪು ಸೇದಿದ ಕಾಲದ ನಡುವರ್ಷ, ಶುರುವಾದ ವರ್ಷವಲ್ಲ. ಫಲಕದ ಮಾತು ಬಿದ್ದುಹೋದದ್ದು ಸರಾಸರಿಯಿಂದಲ್ಲ, ಈ ಹಂಚಿಕೆಯಿಂದ. 1690ರಲ್ಲಿ ಅಲ್ಲಿ ಟ್ಯಾವರ್ನ್ ನಡೆದಿದ್ದರೆ ಆರರ ಚೂರು ರಾಶಿ ಇರಬೇಕಿತ್ತು. ಹಾಗಾಗಿ ಸರಾಸರಿ ತೆಗೆಯುವ ಮೊದಲು ಕಂಬನಕ್ಷೆ ಹಾಕಿ ನೋಡಿ. ಎರಡು ಗೂನು ಕಂಡರೆ ಆ ಜಾಗ ಎರಡು ಬಾರಿ ತೆರೆದು ಮುಚ್ಚಿರಬಹುದು, ಆಗ ಸರಾಸರಿ ಯಾರೂ ಇಲ್ಲದ ವರ್ಷವನ್ನು ತೋರಿಸುತ್ತದೆ.

ಇನ್ನು ಕಾಗದ. ಲೈಸೆನ್ಸನ್ನು ಕೌಂಟಿಯ ಸೆಷನ್ಸ್ ಕೋರ್ಟು ವರ್ಷ ವರ್ಷ ಕೊಡುತ್ತಿತ್ತು, ಜಾಮೀನುದಾರರ ಹೆಸರಿನ ಜೊತೆ. ಒಂದು ವರ್ಷ ಸಿಕ್ಕಿತೆಂದು ನಿಲ್ಲಬೇಡಿ, ಸರಣಿ ಕಟ್ಟಿ. ಮನೆ ಕಟ್ಟಿದ ವರ್ಷ ಬೇರೆ, ಟ್ಯಾವರ್ನ್ ಆದ ವರ್ಷ ಬೇರೆ. ಸಡ್‌ಬರಿಯ ವೇಸೈಡ್ ಇನ್‌ನಲ್ಲೂ ಡೇವಿಡ್ ಹೌ ತಾನಿದ್ದ ಮನೆಯನ್ನೇ 1716ರಲ್ಲಿ ಟ್ಯಾವರ್ನ್ ಮಾಡಿದ್ದು. 1752ಕ್ಕೆ ಮುಂಚೆ ಹೊಸ ವರ್ಷ ಮಾರ್ಚ್ 25ಕ್ಕೆ ಶುರು, ಆದ್ದರಿಂದ "ಫೆಬ್ರವರಿ 1732"ರ ಕ್ರಯಪತ್ರ ನಮ್ಮ ಲೆಕ್ಕಕ್ಕೆ 1733. ಇದನ್ನು ಮರೆತು ಒಂದು ಇಡೀ ಮಾಲೀಕರ ಸರಪಳಿ ತಲೆಕೆಳಗಾಯಿತು, ಎರಡು ವಾರ ವ್ಯರ್ಥ.

ಚಕ್ಕುಬಂದಿ ಬಿಡಿಸುವಾಗ ಕರ್ನಾಟಕದ ಸರ್ವೆ ಗೊತ್ತಿದ್ದವರಿಗೆ ಅನುಕೂಲ. ಮ್ಯಾಸಚೂಸೆಟ್ಸಿನ ಪತ್ರಗಳ ಒಂದು ರಾಡ್ ಹದಿನಾರೂವರೆ ಅಡಿ, ನಮ್ಮ 33 ಅಡಿ ಸರಪಳಿಯ ಸರಿ ಅರ್ಧ. ನಾಲ್ಕು ಚದರ ರಾಡಿಗೆ ಒಂದು ಗುಂಟೆ, 160ಕ್ಕೆ ಒಂದು ಎಕರೆ. ಸರ್ವೆ ಟಿಪ್ಪಣಿ ಓದಿದ ಕಣ್ಣಿಗೆ ಆ ಪತ್ರಗಳು ಬೇಗ ನಕ್ಷೆಯಾಗುತ್ತವೆ. "ಓಕ್ ಮರದಿಂದ ಕಲ್ಲುರಾಶಿಗೆ" ಎಂದು ಬರೆದ ಗಡಿಗೆ ಒಂದು ಗಟ್ಟಿ ಬಿಂದು ಬೇಕು. ಪೋಸ್ಟ್ ರೋಡಿನಲ್ಲಿ 1767 ಎಂದು ಕೆತ್ತಿದ ಮೈಲುಗಲ್ಲುಗಳು ಇನ್ನೂ ನಿಂತಿವೆ. ಅಂಥ ಒಂದರಿಂದ ಟೇಪು ಹಿಡಿದೆ. ಕಲ್ಲನ್ನು ರಸ್ತೆ ಅಗಲಿಸುವಾಗ ಸರಿಸಿಲ್ಲ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ.

ಮಾಲೀಕ ಸತ್ತಾಗ ಮಾಡಿದ ಆಸ್ತಿಪಟ್ಟಿಯಲ್ಲಿ ಮೊತ್ತ 900 ಪೌಂಡ್. ಭಾರೀ ಶ್ರೀಮಂತ ಎಂದು ಹಿಂದೆ ಯಾರೋ ಬರೆದಿಟ್ಟಿದ್ದರು. ಅದು ಓಲ್ಡ್ ಟೆನರ್, ಅಂದರೆ ಬೆಲೆ ಕುಸಿದಿದ್ದ ಮ್ಯಾಸಚೂಸೆಟ್ಸಿನ ಕಾಗದದ ನೋಟಿನ ಲೆಕ್ಕ. 1750ರಲ್ಲಿ ಆ ನೋಟುಗಳನ್ನು ಏಳೂವರೆಗೆ ಒಂದರಂತೆ ಹಿಂದಕ್ಕೆ ಪಡೆದರು. ಆ ದರಕ್ಕೆ ಹಿಡಿದರೆ 120 ಪೌಂಡ್. ಅದೇ ಪಟ್ಟಿಯಲ್ಲಿ ಪಂಚ್ ಬೋಗುಣಿ, ಕ್ವಾರ್ಟು ಪಿಂಟು ಅಳತೆಯ ತವರದ ಪಾತ್ರೆ, ಮನೆಮಂದಿಗೆ ಮೀರಿದ ಕುರ್ಚಿ ಹಾಸಿಗೆ ಎಣಿಸಿ. ಸಾಕ್ಷಿ ಅಲ್ಲಿದೆ, ಮೊತ್ತದಲ್ಲಿಲ್ಲ.

ಪಟ್ಟಿಯಲ್ಲಿ ಒಂದು ಲಾಗರ್‌ಹೆಡ್ ಕೂಡ ಇತ್ತು, ಫ್ಲಿಪ್ ಎಂಬ ಬಿಯರು-ರಮ್ ಪಾನೀಯ ಕಾಯಿಸುವ ಕಬ್ಬಿಣದ ಸರಳು. ಮಾಡಿ ನೋಡಿದೆ: ಮಗ್ಗಿನ ಅರ್ಧ ಗಾಢ ಬಿಯರು, ಎರಡು ಚಮಚ ಕಾಕಂಬಿ, ಅರ್ಧ ಲೋಟ ರಮ್, ಅದಕ್ಕೆ ಕೆಂಪಗೆ ಕಾದ ಸರಳು. ಮೂರನೇ ಒಂದು ಭಾಗ ಖಾಲಿ ಬಿಡದಿದ್ದರೆ ನೊರೆ ಉಕ್ಕಿ ಮೇಜೆಲ್ಲ ಹರಿಯುತ್ತದೆ. ಗಾಜು ಬೇಡ, ಸಿಡಿಯುತ್ತದೆ. ತವರವೂ ಬೇಡ, ಸರಳು ತಾಗಿದರೆ ಕರಗುತ್ತದೆ. ದಪ್ಪ ಪಿಂಗಾಣಿ ಮಗ್ಗೇ ಸರಿ. ಸತು ಲೇಪಿಸಿದ ಸರಳನ್ನು ಎಂದಿಗೂ ಕಾಯಿಸಬೇಡಿ, ಹೊಗೆ ವಿಷ. ಪೆಟ್ಟಿಗೆಗಳಲ್ಲಿ ಪಿಂಗಾಣಿ ಮಗ್ಗಿನ ಚೂರು ಅಷ್ಟೊಂದು ಏಕೆ ಎಂಬುದು ಇದರಿಂದ ಸ್ವಲ್ಪ ತಿಳಿಯಿತು.

ಒಟ್ಟು ಖರ್ಚು, ಕಾಗದಗಳ ಪ್ರತಿಯೂ ಸೇರಿ, ಮುನ್ನೂರು ಡಾಲರಿನ ಆಸುಪಾಸು. ಮರದ ತೊಲೆಯ ಉಂಗುರ ಎಣಿಸುವ ಪರೀಕ್ಷೆಗೆ ಸಾವಿರಗಳಲ್ಲಿ ಕೇಳಿದ್ದರು, ಅದೂ ತೊಲೆಯೇ ಉಳಿಯದ ಕಟ್ಟಡಕ್ಕೆ.

ಆ 35 ಆರರ ಚೂರುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಒಂದೇ ಪೆಟ್ಟಿಗೆಯವು, ಕುದುರೆ ಲಾಯದ ಕಡೆ ಸಿಕ್ಕವು. ಅದನ್ನು ಈಗ ಬೇರೆಯಾಗಿ ಎಣಿಸುತ್ತಿದ್ದೇನೆ. ನೂರು ಚೂರು ಕೂಡುವವರೆಗೆ ಅದಕ್ಕೆ ವರ್ಷ ಹಾಕುವುದಿಲ್ಲ.