ತ್ರಿಭುಜ ಆಗದ ಕಡ್ಡಿಗಳನ್ನೂ ಕೊಡಿ

ಆಕಾರಗಳ ಪಾಠಕ್ಕೆ ಸಾಮಾನು ಆರಿಸುವಾಗ ನಾನು ನೋಡುವುದು ಒಂದೇ: ಮಗುವಿನ ಊಹೆ ತಪ್ಪಾದರೆ ಅದು ಅಲ್ಲೇ ಕಾಣಿಸುತ್ತದಾ? ಸಿದ್ಧ ಪ್ಲಾಸ್ಟಿಕ್ ತ್ರಿಭುಜ, ಚೌಕ ಕೊಟ್ಟರೆ ಮಕ್ಕಳು ಹೆಸರು ಹೇಳಿ ಸುಮ್ಮನಾಗುತ್ತಾರೆ. ಕಟ್ಟಲು ಕೊಟ್ಟರೆ ಯೋಚನೆ ಶುರುವಾಗುತ್ತದೆ.

ನನಗೆ ತುಂಬಾ ಇಷ್ಟದ ಸಾಮಾನು ಸ್ಟ್ರಾ ಮತ್ತು ದಾರ. ಸ್ಟ್ರಾಗಳನ್ನು 3, 4, 5, 6, 9 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಇಬ್ಬಿಬ್ಬರಿಗೆ ಒಂದು ಕಟ್ಟು, ಪ್ರತಿ ಅಳತೆಯವೂ ನಾಲ್ಕು ನಾಲ್ಕು, 6ರದ್ದು ಮಾತ್ರ ಐದು ಇರಲಿ. ಯಾವುದಾದರೂ ಮೂರು ತುಂಡು ತೆಗೆದು ತ್ರಿಭುಜ ಮಾಡಲು ಹೇಳಿ. ದಾರ ಪೋಣಿಸುವ ಮೊದಲೇ "ಕೂಡುತ್ತದಾ, ಇಲ್ವಾ?" ಅಂತ ಕೇಳಿ, ಉತ್ತರ ಬರೆಸಿಬಿಡಿ. 3, 4, 9 ತೆಗೆದವರಿಗೆ ಬೇಗ ಗೊತ್ತಾಗುತ್ತದೆ, ಚಿಕ್ಕವೆರಡು ಒಂದನ್ನೊಂದು ಮುಟ್ಟುವುದೇ ಇಲ್ಲ. ನಿಜವಾದ ಜಗಳ 4, 5, 9ರಲ್ಲಿ. ತುದಿಗಳು ಮುಟ್ಟುತ್ತವೆ, ಆದರೆ ಮೂರೂ ಒಂದೇ ಗೆರೆಯಲ್ಲಿ ಮಲಗಿಬಿಡುತ್ತವೆ. ಕೆಲವರು ಸ್ಟ್ರಾ ಬಗ್ಗಿಸಿ ಹೇಗಾದರೂ ಎಬ್ಬಿಸಲು ನೋಡುತ್ತಾರೆ. ತಡೆಯಬೇಡಿ. "ಹಾಗಾದ್ರೆ ಚಿಕ್ಕವೆರಡು ಸೇರಿ ಎಷ್ಟಿರಬೇಕು?" ಅಂತಷ್ಟೇ ಕೇಳಿ. ನಿಯಮ ಅವರ ಬಾಯಿಂದಲೇ ಬರಲಿ.

ಅದೇ ಕಟ್ಟಿನ 6 ಸೆಂಟಿಮೀಟರಿನ ನಾಲ್ಕು ತುಂಡು ಪೋಣಿಸಿದರೆ ಚೌಕ. ಮೂಲೆ ಒತ್ತಿದರೆ ವಾಲಿಕೊಂಡು ವಜ್ರಾಕೃತಿ ಆಗುತ್ತದೆ. ಬಾಹು ಅಷ್ಟೇ ಇದೆ, ಕೋನ ಬದಲಾಯಿತು. ಇದನ್ನು ಬೋರ್ಡಿನ ಮೇಲೆ ಎಷ್ಟು ಬರೆದರೂ ಇಷ್ಟು ಚೆನ್ನಾಗಿ ಕಾಣಿಸುವುದಿಲ್ಲ. ಎದುರುಬದುರು ಮೂಲೆಗಳ ನಡುವೆ ಅಡ್ಡಕ್ಕೆ ಇನ್ನೊಂದು 6ರ ತುಂಡು ಕಟ್ಟಿಸಿ: ಎರಡು ಸಮಬಾಹು ತ್ರಿಭುಜಗಳಾಗಿ ಬಿಗಿಯಾಗುತ್ತದೆ, ಮತ್ತೆ ವಾಲುವುದಿಲ್ಲ. ಚೌಕವನ್ನೇ ಬಿಗಿ ಮಾಡಬೇಕಾದರೆ ಸುಮಾರು 8.5 ಸೆಂಟಿಮೀಟರಿನ ತುಂಡು ಬೇಕು. ಅದನ್ನು ಅಳೆದು ಕತ್ತರಿಸುವ ಕೆಲಸ ಮಕ್ಕಳಿಗೇ ಬಿಡಿ. ದಾರ ಮಾತ್ರ ಎಳೆದು ಕಟ್ಟಿರಬೇಕು. ಸಡಿಲವಾದರೆ ತ್ರಿಭುಜವೂ ಅಲ್ಲಾಡುತ್ತದೆ, ಪಾಠವೇ ಕೆಡುತ್ತದೆ.

ರಟ್ಟಿನ ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದರೆ ಎಷ್ಟೋ ಮಕ್ಕಳು "ಇದು ಡೈಮಂಡ್" ಅನ್ನುತ್ತಾರೆ. ತಿದ್ದುವ ಬದಲು ಇನ್ನೊಂದು ಚೌಕದ ಮೇಲೆ ಇಟ್ಟು ನೋಡಲು ಹೇಳಿ.

ಮೂರು ಕೋನ ಸೇರಿ 180 ಡಿಗ್ರಿ ಅಂತ ತೋರಿಸಲು ಒಬ್ಬೊಬ್ಬರೂ ತಮಗೆ ಬೇಕಾದ ತ್ರಿಭುಜ ಕತ್ತರಿಸಲಿ. ಮೊದಲು ಮೂಲೆಗಳಿಗೆ ಬಣ್ಣ ಹಚ್ಚಿ, ಆಮೇಲೆ ಕೈಯಲ್ಲೇ ಹರಿಯಬೇಕು. ಕತ್ತರಿ ಬಳಸಿದರೆ ಎಲ್ಲ ಅಂಚೂ ನೇರವಾಗಿ, ಮೂಲೆ ಯಾವುದೆಂದೇ ಗೊತ್ತಾಗುವುದಿಲ್ಲ. ಮೂರನ್ನೂ ಪಕ್ಕಪಕ್ಕ ಇಟ್ಟರೆ ನೇರ ಗೆರೆ. ದೊಡ್ಡ ತರಗತಿಯವರಿಗೆ ಇದು ಗಣಿತದ ಪುರಾವೆಯಲ್ಲ ಅಂತ ಹೇಳಲೇಬೇಕು. 179 ಇದ್ದರೂ ಕಣ್ಣಿಗೆ ಹೀಗೇ ಕಾಣುತ್ತಿತ್ತು, ಅಲ್ವಾ?

ಮೊಳೆ ಹಲಗೆಯಲ್ಲಿ (ಸಮ ಅಂತರದಲ್ಲಿ ಸಾಲು ಸಾಲಾಗಿ ಮೊಳೆ ಹೊಡೆದ ಹಲಗೆ) ಸುತ್ತಳತೆ ಕಲಿಸುವಾಗ ರಬ್ಬರ್ ಬ್ಯಾಂಡ್ ಬೇಡ, ಅದು ಹಿಗ್ಗುತ್ತದೆ. 12 ಮನೆ ಉದ್ದದ ದಾರದ ಕುಣಿಕೆ ಹಾಕಿ. 1×5, 2×4, 3×3 ಮೂರಕ್ಕೂ ಅದೇ ದಾರ ಸಾಕು, ವಿಸ್ತೀರ್ಣ ಮಾತ್ರ 5, 8, 9. ಸುತ್ತಳತೆ ಒಂದೇ ಆದರೆ ವಿಸ್ತೀರ್ಣವೂ ಒಂದೇ ಅಂದುಕೊಂಡಿದ್ದವರು ಮನೆಗಳನ್ನು ಮತ್ತೆ ಮತ್ತೆ ಎಣಿಸುತ್ತಾರೆ. ಅವರಿಗೆ ಜಾಸ್ತಿ ಹೊತ್ತು ಕೊಡಿ.

ಘನದ ಜಾಲಾಕೃತಿಗೆ, ಅಂದರೆ ಮಡಿಚಿದರೆ ಘನವಾಗುವ ಚಪ್ಪಟೆ ಆಕಾರಕ್ಕೆ, ಚೌಕಳಿ ಕಾಗದ ಸಾಕು. ಆರು ಚೌಕಗಳನ್ನು ಅಂಚಿಗೆ ಅಂಚು ಸೇರಿಸಿ ಬರೆಯಬೇಕು, ಮಡಿಚುವ ಮೊದಲು ಯಾವ ಚೌಕ ಯಾವುದರ ಎದುರು ಬರುತ್ತದೆ ಅಂತ ಗುರುತು ಹಾಕಬೇಕು. ತಿರುಗಿಸಿದ್ದು, ಮಗುಚಿದ್ದು ಬಿಟ್ಟರೆ ಘನವಾಗುವಂಥವು ಒಟ್ಟು 11 ಇವೆ. ಆ ಸಂಖ್ಯೆಯನ್ನು ಮೊದಲೇ ಹೇಳಿಬಿಡಿ. ಎಂಟು ಸಿಕ್ಕವರು ಉಳಿದ ಮೂರನ್ನು ಹುಡುಕದೆ ಬಿಡುವುದಿಲ್ಲ.