ಹೊಸ ವರ್ಷದ ಗುರಿಗೆ ಒಂದು ಚೌಕಾಬಾರದ ಮಣೆ

ಹೊಸ ವರ್ಷದ ಗುರಿಗಳನ್ನು ಡೈರಿಯಲ್ಲಿ ಬರೆಯುವುದನ್ನು ನಾನು ಬಿಟ್ಟಿದ್ದೇನೆ. ಬರೆದ ಡೈರಿ ಮೇಜಿನ ಖಾನೆ ಸೇರುತ್ತದೆ, ಆಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಈಗ ಡಿಸೆಂಬರ್ ಕೊನೆಗೆ ನಮ್ಮ ಮನೆಗೆ ಒಂದು ಚಾರ್ಟ್ ಶೀಟ್ ಬರುತ್ತದೆ. ಅದರ ಮೇಲೆ ಚೌಕಾಬಾರದ, ಅಂದರೆ ಕವಡೆ ಹಾಕಿ ಕಾಯಿ ನಡೆಸುವ ಹಳೇ ಆಟದ, ಮಣೆ ಬರೆದು, ಮಣೆಯ ಮನೆಗಳೊಳಗೆ ಗುರಿ ತುಂಬಿ, ಯುಗಾದಿವರೆಗೆ ಆಡುತ್ತೇವೆ.

ಈ ಯೋಚನೆಗೆ ಮೂಲ ನಮ್ಮ ಅತ್ತೆ. ಅವರ ತವರು ಮೇಲುಕೋಟೆ. ವೈಕುಂಠ ಏಕಾದಶಿ ರಾತ್ರಿ ಜಾಗರಣೆಗೆ ಅವರ ಮನೆಯಲ್ಲಿ ಪರಮಪದ ಸೋಪಾನ ಪಟ ಆಡುತ್ತಿದ್ದರಂತೆ. ನಮ್ಮ ಹಾವು ಏಣಿ ಆಟವೇ, ಆದರೆ ಏಣಿಗಳಿಗೆ ಒಳ್ಳೆ ಗುಣಗಳ ಹೆಸರು, ಹಾವುಗಳಿಗೆ ಕೆಟ್ಟ ಗುಣಗಳ ಹೆಸರು, ತುದಿಯಲ್ಲಿ ವೈಕುಂಠ. ಏಕಾದಶಿ ಧನುರ್ಮಾಸದಲ್ಲಿ ಬರುತ್ತದೆ, ಅಂದರೆ ಡಿಸೆಂಬರ್ ನಡುವಿನಿಂದ ಜನವರಿ ನಡುವಿನೊಳಗೆ. ಹೊಸ ವರ್ಷಕ್ಕೆ ಹೇಳಿ ಮಾಡಿಸಿದ ಆಟ ಅಲ್ವಾ? ಆದರೆ ನನಗೆ ಹಾವು ಬೇಡವಾಗಿತ್ತು. ವಾಕಿಂಗ್ ತಪ್ಪಿಸಿದವರನ್ನು ನುಂಗಿ ಕೆಳಗೆ ತಳ್ಳಿದರೆ ಮಕ್ಕಳು ಎರಡನೇ ವಾರವೇ ಎದ್ದು ಹೋಗುತ್ತಾರೆ. ದೊಡ್ಡವರು ಅವರಿಗಿಂತ ಮೊದಲೇ. ಅದಕ್ಕೆ ಚೌಕಾಬಾರ ಹಿಡಿದೆವು.

ಮಣೆ ಗೊತ್ತಿರುವವರಿಗೆ ಲೆಕ್ಕ ಸುಲಭ. ಐದೈದಲ 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಒಂದು. ಹೊರಸುತ್ತಿನ ನಾಲ್ಕು ಬದಿಗೂ ಮಧ್ಯದಲ್ಲಿ ಒಂದೊಂದು ಕಟ್ಟೆ. ಕಾಯಿ ತನ್ನ ಕಟ್ಟೆಯಿಂದ ಹೊರಟು, ಹೊರಸುತ್ತು ಒಳಸುತ್ತು ಮುಗಿಸಿ ನಡುವಿನ ಮನೆ ಸೇರಬೇಕು. ನಾವು ನಾಲ್ಕು ಜನ: ಅತ್ತೆ, ನಮ್ಮ ಯಜಮಾನರು, ನಾನು, ಮಗ. ಕಟ್ಟೆ ಬಿಟ್ಟರೆ ಹೊರಗೆ 12 ಮನೆ ಉಳಿಯುತ್ತವೆ, ಒಬ್ಬೊಬ್ಬರಿಗೆ ಮೂರು ಗುರಿ. ಒಳಗೆ ಒಬ್ಬೊಬ್ಬರಿಗೆ ಎರಡು, ಸ್ವಲ್ಪ ಕಷ್ಟದವು. ನಡುವಿನ ಮನೆ ಎಲ್ಲರಿಗೂ ಸೇರಿದ್ದು. ನಾಲ್ಕು ಕಾಯಿ ಆಡಿಸುವ ಬದಲು ಒಬ್ಬರಿಗೆ ಒಂದೇ ಕಾಯಿ.

ಮನೆಯೊಳಗೆ ಏನು ಬರೆಯುವುದು ಅನ್ನುವುದರಲ್ಲೇ ಇಡೀ ಆಟದ ಮಜಾ ಇರುವುದು. ನೀವು ಬರೆದ ಮನೆಗೆ ನೀವೇ ಬರುತ್ತೀರಿ ಅನ್ನುವ ಗ್ಯಾರಂಟಿ ಇಲ್ಲ. ಯಾರ ಕಾಯಿ ಅಲ್ಲಿ ನಿಲ್ಲುತ್ತೋ ಅವರು ಆ ವಾರ ಆ ಕೆಲಸ ಮಾಡಬೇಕು. ಹಾಗಾಗಿ ಬರೆಯುವ ಗುರಿ ಮೊಮ್ಮಗನಿಂದ ಅಜ್ಜಿವರೆಗೆ ಎಲ್ಲರ ಕೈಲೂ ಆಗುವಂತಿರಬೇಕು, ಒಂದೇ ವಾರದಲ್ಲಿ ಮುಗಿಯುವಂತಿರಬೇಕು. ಈ ಎರಡು ಷರತ್ತು ಹಾಕಿದ ಕೂಡಲೇ ‘ಆರೋಗ್ಯ ಕಾಪಾಡಿಕೊಳ್ಳುವುದು’, ‘ಇಂಗ್ಲಿಷ್ ಸುಧಾರಿಸುವುದು’ ಎಲ್ಲ ತಾವಾಗಿ ಉದುರಿಹೋಗುತ್ತವೆ. ಯಜಮಾನರು ಮೊದಲು ‘ಉಳಿತಾಯ’ ಅಂತ ಬರೆದರು. ‘ನನಗೆ ಬಂದರೆ ನಾನೇನು ಮಾಡಲಿ?’ ಅಂದ ಮಗ. ಕೊನೆಗೆ ಅದು ‘ಒಂದು ವಾರ ಹೊರಗಿನ ತಿಂಡಿ ಇಲ್ಲ, ಉಳಿದ ದುಡ್ಡು ಡಬ್ಬಿಗೆ’ ಅಂತ ಆಯಿತು. ಮಗ ಬರೆದದ್ದು ‘ಊಟದ ಹೊತ್ತಲ್ಲಿ ಫೋನ್ ಬೇರೆ ರೂಮಲ್ಲಿ’. ಯಾರಿಗೆ ಗುರಿಯಿಟ್ಟ ಬಾಣ ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅತ್ತೆಯ ಒಂದು ಮನೆ ನನಗೆ ಎಲ್ಲಕ್ಕಿಂತ ಇಷ್ಟವಾಯಿತು: ‘ಹಳೇ ಫೋಟೋಗಳ ಹಿಂದೆ ಹೆಸರು ಬರೆಯುವುದು’. ಆ ಮನೆಗೆ ಬಂದವನು ಮಗ. ಅವನಿಗೆ ಫೋಟೋದಲ್ಲಿದ್ದ ಒಬ್ಬರೂ ಗೊತ್ತಿಲ್ಲ. ಅಜ್ಜಿಯ ಪಕ್ಕ ಕೂತು, ಟ್ರಂಕಿನಿಂದ ಒಂದೊಂದೇ ಫೋಟೋ ತೆಗೆದು, ಪೆನ್ಸಿಲಿನಲ್ಲಿ ಬರೆದ. ಪೆನ್ನಾದರೆ ಶಾಯಿ ಮುಂದಿನ ಬದಿಗೆ ಹತ್ತುತ್ತೆ, ಪೆನ್ಸಿಲನ್ನೂ ಒತ್ತಿ ಬರೆದರೆ ಅಚ್ಚು ಮೂಡುತ್ತೆ ಅಂತ ಅತ್ತೆಯ ಎಚ್ಚರಿಕೆ. ಒಬ್ಬ ಹೆಂಗಸು ಯಾರು ಅಂತ ಅತ್ತೆಗೂ ಗೊತ್ತಾಗಲಿಲ್ಲ. ‘ಮದುವೆಗೆ ಬಂದಿದ್ದವರು’ ಅಂತ ಬರೆದಿಟ್ಟ.

ಕವಡೆ ಹಾಕುವುದು ಭಾನುವಾರ ರಾತ್ರಿ ಊಟ ಆದ ಮೇಲೆ. ಹಿಂದಿನ ವಾರದ ಕೆಲಸ ಆಗಿದ್ದರೆ ಮಾತ್ರ ಕವಡೆ ಕೈಗೆ. ಆಗಿಲ್ಲದಿದ್ದರೆ ದಂಡ ಇಲ್ಲ, ಬೈಗುಳ ಇಲ್ಲ, ಕಾಯಿ ಇದ್ದಲ್ಲೇ ಇರುತ್ತದೆ, ಅಷ್ಟೇ. ಚೌಕವೋ (ನಾಲ್ಕು) ಬಾರವೋ (ಎಂಟು) ಬಿದ್ದರೆ ಮಾಮೂಲಿನಂತೆ ಇನ್ನೊಂದು ಸಲ. ಬಾರ ಬಿದ್ದವರು ಎಂಟು ಮನೆ ಹಾರುತ್ತಾರೆ, ನಡುವಿನ ಕೆಲಸಗಳೆಲ್ಲ ತಪ್ಪುತ್ತವೆ. ತಪ್ಪಲಿ ಬಿಡಿ. ಎಲ್ಲರೂ ಎಲ್ಲವನ್ನೂ ಮಾಡಲೇಬೇಕು ಅಂತ ಹೊರಟರೆ ಅದು ಶಾಲೆಯ ಹೋಂವರ್ಕ್ ಆಗುತ್ತದೆ. ಕಟ್ಟೆಗೆ ಬಂದವರಿಗೆ ಆ ವಾರ ಪೂರ್ತಿ ರಜೆ. ಕಟ್ಟೆಗೆ ಬೇಕಾದ ಗರ, ಅಂದರೆ ಕವಡೆಯ ಲೆಕ್ಕ, ಬೀಳಲಿ ಅಂತ ನಾನು ಕವಡೆಗೆ ಊದುವುದನ್ನು ನೋಡಿ ಎಲ್ಲರೂ ನಗುತ್ತಾರೆ.

ಒಬ್ಬರ ಕಾಯಿ ಇದ್ದ ಮನೆಗೆ ಇನ್ನೊಬ್ಬರ ಕಾಯಿ ಬಂದರೆ ಅದನ್ನು ಕಡಿಯುವ ನಿಯಮವನ್ನು ಮಾತ್ರ ನಾವು ಬದಲಾಯಿಸಿಕೊಂಡೆವು. ಕಾಯಿ ಕಡಿಸಿಕೊಂಡವರು ಶುರುವಿನ ಕಟ್ಟೆಗೆ ಹೋಗುವುದಿಲ್ಲ. ಬದಲಿಗೆ ಕಡಿದವರ ಜೊತೆ ಸೇರಿ ಆ ಮನೆಯ ಕೆಲಸವನ್ನು ಇನ್ನೊಂದು ವಾರ ಮಾಡಬೇಕು. ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ ಅನ್ನುವ ಹಳೇ ನಿಯಮವನ್ನು ಹಾಗೇ ಇಟ್ಟುಕೊಂಡೆವು. ಇರುವುದು ನಾಲ್ಕೇ ಕಾಯಿ, ಕಡಿಯುವ ಅವಕಾಶ ಕಡಿಮೆ. ಅದಕ್ಕೆ ಒಂದು ಸಡಿಲಿಕೆ: ಇನ್ನೊಬ್ಬರ ವಾರದ ಕೆಲಸಕ್ಕೆ ತಾನಾಗಿ ಕೈಜೋಡಿಸಿದರೂ ಕಡಿದ ಲೆಕ್ಕ. ಒಳಗೆ ಹೋಗುವ ಆಸೆಗೆ ಯಜಮಾನರು ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಲು ನನ್ನ ಜೊತೆ ಕೂತರು. ಸುಮ್ನೆ ಕೇಳಿದ್ದರೆ ಆಗುತ್ತಿದ್ದ ಕೆಲಸವಲ್ಲ ಅದು.

ಯುಗಾದಿಗೆ ಯಾಕೆ ಮುಗಿಸುತ್ತೇವೆ ಅಂದರೆ ಲೆಕ್ಕ ಹಾಗೇ ಕೂರುತ್ತದೆ. ನಾಲ್ಕು ಕವಡೆಗೆ ಸರಾಸರಿ ಗರ ಎರಡೂವರೆ ಅಂದುಕೊಳ್ಳಿ. ಕಟ್ಟೆಯಿಂದ ನಡುಮನೆಗೆ 24 ಹೆಜ್ಜೆ. ಒಂಬತ್ತು ಹತ್ತು ವಾರ ಬೇಕು, ಕೆಲಸ ಆಗದೆ ಕಾಯಿ ನಿಂತ ವಾರಗಳು ಬೇರೆ. ಜನವರಿ ಮೊದಲ ಭಾನುವಾರ ಹೊರಟರೆ ಯುಗಾದಿ ಹೊತ್ತಿಗೆ ಒಂದಿಬ್ಬರಾದರೂ ನಡುಮನೆ ಸೇರಿ ಹಣ್ಣಾಗಿರುತ್ತಾರೆ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕಿತ್ತು, 2026ರಲ್ಲಿ ಮಾರ್ಚ್ 19. ಹಬ್ಬ ಬೇಗ ಬಂದ ವರ್ಷ ಒಬ್ಬರು ಹಣ್ಣಾದರೂ ಸಾಕು ಅಂತ ಒಪ್ಪಂದ.

ನಡುಮನೆಯಲ್ಲಿ ನಾವು ಬರೆದದ್ದು ‘ಮೇಲುಕೋಟೆಯ ಯೋಗಾನರಸಿಂಹನ ಬೆಟ್ಟ ಹತ್ತುವುದು, ಅತ್ತೆ ಸಮೇತ’. ಒಳಸುತ್ತಿನಲ್ಲಿ ಅದಕ್ಕೆ ತಯಾರಿಯಾಗಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹಾಕಿದ್ದೆವು, ಯಾರಿಂದ ಎಷ್ಟಾಗುತ್ತೋ ಅಷ್ಟು. ಮೇಲುಕೋಟೆಗೆ ಮಾತ್ರ ವೈರಮುಡಿ ಉತ್ಸವದ ಜಂಗುಳಿ ಇಲ್ಲದ ದಿನ ನೋಡಿ ಹೋಗಿ. ಬೆಳಗ್ಗೆ ಬೇಗ ಹತ್ತಿದರೆ ಕಲ್ಲು ಕಾದಿರುವುದಿಲ್ಲ. ಅತ್ತೆ ಮಧ್ಯೆ ಮಧ್ಯೆ ಕೂತರು, ಆದರೂ ತುದಿ ಮುಟ್ಟಿದರು.

ಕವಡೆ ಇಲ್ಲದವರು ಹುಣಸೆ ಬೀಜವನ್ನು ಒಂದು ಬದಿ ಕಲ್ಲಿಗೆ ತೇಯ್ದು ಬಿಳಿ ಮಾಡಿಕೊಳ್ಳಿ. ಹಳೆಯ ಮಣೆಯಾಟಗಳ ಹುಚ್ಚು ಹಿಡಿದರೆ, ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಅಂತ ಪ್ರದರ್ಶನ ನಡೆಸುತ್ತಾ ಬಂದಿದ್ದಾರೆ, ಅದು ನಡೆಯುವಾಗ ಹೋಗಿ ನೋಡಿ. ಮನೆಯಲ್ಲಿ ಇಬ್ಬರೇ ಇದ್ದರೂ ಆಡಬಹುದು, ಹೊರಗೆ ಆರಾರು ಗುರಿ ಬರೆಯಿರಿ. ಒಬ್ಬರೇ ಆಡಿದರೆ ಮಜಾ ಇಲ್ಲ. ದೂರದ ಗೆಳತಿಗೆ ಮಣೆಯ ಫೋಟೋ ಕಳಿಸಿ ವಿಡಿಯೋ ಕಾಲ್‌ನಲ್ಲಿ ಕವಡೆ ಹಾಕುವುದು ವಾಸಿ.

ಯುಗಾದಿ ದಿನ ಬೇವು ಬೆಲ್ಲ ತಿಂದು ಹಳೇ ಚಾರ್ಟ್ ಕೆಳಗಿಳಿಸುತ್ತೇವೆ. ಯಾರ ಕಾಯಿಯೂ ನಿಲ್ಲದ ಮನೆಗಳನ್ನು ಓದಿ, ಬರೆದವರನ್ನೇ ‘ಇದು ಇನ್ನೂ ಬೇಕಾ?’ ಅಂತ ಕೇಳುತ್ತೇವೆ. ಬೇಕೆಂದರೆ ಹೊಸ ಮಣೆಗೆ ಹೋಗುತ್ತದೆ. ನನ್ನದೊಂದು ‘ವಾರವಿಡೀ ಬೆಳಗ್ಗೆ ಐದಕ್ಕೆ ಏಳುವುದು’ ಅಂತಿತ್ತು. ಆ ಮನೆಗೆ ಒಬ್ಬರೂ ಬಂದಿರಲಿಲ್ಲ. ಬೇಡ ಅಂದೆ, ಅತ್ತೆ ಬಿಟ್ಟು ಮಿಕ್ಕವರೆಲ್ಲ ಚಪ್ಪಾಳೆ ತಟ್ಟಿದರು. ಅತ್ತೆ ಹೇಗಿದ್ದರೂ ನಾಲ್ಕೂವರೆಗೇ ಏಳುತ್ತಾರೆ.