ಡೇರಿಯಿಂದ ಪಂಚಾಯಿತಿಗೆ: ನನ್ನ ಅನುಭವ

ಗ್ರಾಮ ಪಂಚಾಯಿತಿಗೆ ಸ್ಪರ್ಧಿಸುವವರಿಗೆ 21 ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು ಎಂದು ಕಾನೂನು ಹೇಳುತ್ತದೆ. ಒಂದು ಸಂಸ್ಥೆಯನ್ನು ನಡೆಸಿದ ಅನುಭವವಿದೆಯೇ ಎಂದು ಅದು ಕೇಳುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ನಮ್ಮೂರಿನಲ್ಲಿ ನಾನು ಮತ ಕೇಳಿದ್ದು ಆ ಅನುಭವದ ಮೇಲೆಯೇ. ಅದಕ್ಕೂ ಮೊದಲು ಎರಡು ಅವಧಿಗೆ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಅಧ್ಯಕ್ಷೆಯಾಗಿದ್ದೆ.

ಡೇರಿಯಲ್ಲಿ ತೀರ್ಮಾನವನ್ನು ಮುಂದೂಡಲು ಆಗುವುದಿಲ್ಲ, ಏಕೆಂದರೆ ಹಾಲು ಕಾಯುವುದಿಲ್ಲ. ದಿನಕ್ಕೆ ಎರಡು ಹೊತ್ತು ಫ್ಯಾಟ್ (ಕೊಬ್ಬಿನಂಶ), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ಹಾಲು ತೆಗೆದುಕೊಳ್ಳಬೇಕು, ಬಟವಾಡೆ ತಪ್ಪದಂತೆ ನೋಡಿಕೊಳ್ಳಬೇಕು, ಕಡಿಮೆ ಹಣ ಬಂದವರಿಗೆ ಅದೇಕೆಂದು ಲೆಕ್ಕ ತೋರಿಸಬೇಕು. ಒಮ್ಮೆ ನನ್ನ ಮೈದುನನ ಮನೆಯ ಹಾಲಿನ ಎಸ್‌ಎನ್‌ಎಫ್ ಇರಬೇಕಾದ ಶೇ 8.5ಕ್ಕಿಂತ ಬಹಳ ಕೆಳಗಿತ್ತು. ಕಾರ್ಯದರ್ಶಿ ನನ್ನ ಮುಖ ನೋಡಿದರು. ಹಾಲನ್ನು ವಾಪಸ್ ಕಳಿಸಿ ಎಂದೆ. ಆ ಮನೆಯವರು ಕೆಲವು ತಿಂಗಳು ನನ್ನೊಡನೆ ಮಾತು ಬಿಟ್ಟರು. ಅದರ ನೋವು ನನಗೆ ಈಗಲೂ ಇದೆ, ಆದರೆ ಅಂದು ಬೇರೆ ರೀತಿ ನಡೆದುಕೊಂಡಿದ್ದರೆ ಮರುದಿನದಿಂದ ಯಾರ ಹಾಲನ್ನೂ ನಿರಾಕರಿಸುವ ನೈತಿಕ ಹಕ್ಕು ನನಗಿರುತ್ತಿರಲಿಲ್ಲ.

ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಮನೆ ಮನೆಗೆ ಹೋದಾಗ ಭರವಸೆಗಳ ಪಟ್ಟಿಯ ಬದಲು ಸಂಘದ ಲೆಕ್ಕಪರಿಶೋಧನೆಯ ವರದಿಯನ್ನು ಕೈಯಲ್ಲಿ ಹಿಡಿದಿದ್ದೆ. ಗೆದ್ದ ಮೇಲೆ ಕೆಲಸವನ್ನು ಗಂಡನೇ ನೋಡಿಕೊಳ್ಳುತ್ತಾರಲ್ಲವೇ ಎಂದು ಕೇಳಿದವರಿಗೆ ಆ ವರದಿಯಲ್ಲಿದ್ದ ನನ್ನ ಸಹಿಯೇ ಉತ್ತರವಾಯಿತು.

ಗೆದ್ದು 30 ತಿಂಗಳ ಅವಧಿಗೆ ಪಂಚಾಯಿತಿ ಅಧ್ಯಕ್ಷೆಯಾದಾಗ ಈ ಅನುಭವ ತಕ್ಷಣ ನೆರವಾದದ್ದು ಹಣದ ವಿಷಯದಲ್ಲಿ. 2021-22ರಿಂದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕಿತ್ತು. ವಾರ್ಡಿಗೆ ಇಷ್ಟು ಎಂದು ಸಮನಾಗಿ ಹಂಚಿಬಿಡೋಣ ಎಂಬ ಒತ್ತಾಯ ಸದಸ್ಯರಿಂದ ಬಂದಿತು. ಕೊಳವೆಬಾವಿಯ ಮೋಟಾರು ವಾರ್ಡು ನೋಡಿ ಸುಡುವುದಿಲ್ಲವೆಂದು ಹೇಳಿ, ನೀರುಗಂಟಿಗಳನ್ನು ಕೂರಿಸಿಕೊಂಡು ಯಾವ ಮೋಟಾರು ಎಷ್ಟು ಸಲ ರಿಪೇರಿಯಾಗಿದೆ ಎಂದು ಬರೆಸಿ, ಆ ಪಟ್ಟಿಯನ್ನು ಸಭೆಯ ಮುಂದಿಟ್ಟೆ. ಚರ್ಚೆ ಬಿಸಿಯಾಗಿಯೇ ನಡೆದರೂ ದುರಸ್ತಿಗೆ ಹಣ ಮೀಸಲಿಡಲು ಎಲ್ಲರೂ ಒಪ್ಪಿದರು.

ಡೇರಿಯ ಅಭ್ಯಾಸವೇ ಒಮ್ಮೆ ತೊಡಕಾಯಿತು. ಬೇಸಿಗೆಯಲ್ಲಿ ಪೈಪ್ ಒಡೆದಾಗ ಸಭೆಯ ನಡಾವಳಿಗೆ ಕಾಯದೆ ಕೆಲಸ ಶುರು ಮಾಡಿಸಿದೆ. ನೀರು ಎರಡೇ ದಿನದಲ್ಲಿ ಬಂದಿತು, ಆದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಿಲ್ಲಿಗೆ ಒಪ್ಪಿಗೆ ಕೊಡಲಿಲ್ಲ, ಕೊಡದಿದ್ದುದು ಸರಿಯೂ ಆಗಿತ್ತು. ಸಂಘದಲ್ಲಿ ಎಲ್ಲರೂ ಹಾಲು ಹಾಕುವವರೇ, ಎಲ್ಲರ ಹಿತವೂ ಒಂದೇ. ಪಂಚಾಯಿತಿಯಲ್ಲಿ ಹಸುವೇ ಇಲ್ಲದ ಕೂಲಿಯವರೂ ಇದ್ದಾರೆ, ಅವರ ಒಪ್ಪಿಗೆಯೂ ಸಭೆಯ ಮೂಲಕವೇ ಬರಬೇಕು. ಆಮೇಲೆ ತುರ್ತು ದುರಸ್ತಿಗಳ ಅಂದಾಜನ್ನು ಬೇಸಿಗೆಗೆ ಮುಂಚೆಯೇ ಸಭೆಗೆ ತಂದು ಒಪ್ಪಿಗೆ ಪಡೆಯತೊಡಗಿದೆ; ಮುಂದಿನ ವರ್ಷ ಪೈಪ್ ಒಡೆದ ದಿನವೇ ಕೆಲಸ ಆರಂಭವಾಯಿತು, ಬಿಲ್ಲೂ ನಿಲ್ಲಲಿಲ್ಲ.